ಅಲೆ ಅದೇ 1.2 ಮೀಟರ್, ಸಮುದ್ರ ಮಾತ್ರ ಬೇರೆ

ಪ್ರಶ್ನೆ: ಬಂಡೆಗಳೇ ಜಾಸ್ತಿ ಇರುವ ಕಡಲತೀರದಲ್ಲಿ ದಡದಿಂದ ಗಾಳ ಹಾಕುವ ಹವ್ಯಾಸ ನನ್ನದು. ಜೊತೆಗೆ ಒಂದೆರಡು ಏಡಿ ಬೋನನ್ನೂ ಇಡುತ್ತೇನೆ. ಹೊರಡುವ ಮುಂಚೆ ಆ್ಯಪ್‌ನಲ್ಲಿ ಅಲೆಯ ಎತ್ತರ ನೋಡುತ್ತೇನೆ. ಹೋದ ವಾರ 1.2 ಮೀಟರ್ ಇತ್ತು, ಆರಾಮಾಗಿ ನಿಂತು ಮೀನು ಹಿಡಿದೆ. ಈ ವಾರವೂ 1.2 ಮೀಟರ್ ಅಂತಲೇ ಇತ್ತು, ಆದರೆ ಅದೇ ಬಂಡೆಯ ಮೇಲೆ ನಿಲ್ಲೋಕೇ ಆಗಲಿಲ್ಲ. ಸೊಂಟದವರೆಗೆ ನೀರು ಬಂತು. ಆ್ಯಪ್ ಸುಳ್ಳು ಹೇಳಿತಾ? ಇನ್ನೊಂದು, ಹುಣ್ಣಿಮೆ ಹೊತ್ತಿನಲ್ಲಿ ಏಡಿಯೊಳಗೆ ಮಾಂಸ ಇರೋದಿಲ್ಲ ಅಂತಾರೆ, ನಿಜವಾ? ಮೀನು, ಏಡಿ ಎರಡನ್ನೂ ಒಂದೇ ದಿನ ಹೊಂದಿಸಿಕೊಳ್ಳಬಹುದಾ?

ಉತ್ತರ: ಆ್ಯಪ್ ಸುಳ್ಳು ಹೇಳಿಲ್ಲ. ಅದು ಎರಡು ಅಂಕಿ ಕೊಟ್ಟಿರುತ್ತದೆ, ನೀವು ಒಂದನ್ನೇ ಓದಿದ್ದೀರಿ. ಎತ್ತರದ ಪಕ್ಕದಲ್ಲೇ ಸೆಕೆಂಡಿನ ಲೆಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ ನೋಡಿ. 7 ಸೆಕೆಂಡ್, 10 ಸೆಕೆಂಡ್, 15 ಸೆಕೆಂಡ್ ಅಂತ. ಒಂದು ಅಲೆ ಬಂದ ಮೇಲೆ ಮುಂದಿನದು ಬರಲು ಹಿಡಿಯುವ ಸಮಯ ಅದು. ಬಂಡೆಯ ಮೇಲೆ ನಿಲ್ಲುವವರು ಮೊದಲು ಓದಬೇಕಾದ್ದು ಅದನ್ನೇ. ಎತ್ತರ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಆಳದ ನೀರಿನಲ್ಲಿ ಅಲೆಯ ಉದ್ದ ಕಂಡುಹಿಡಿಯಲು ಸುಲಭದ ಲೆಕ್ಕವಿದೆ. ಸೆಕೆಂಡನ್ನು ಅದರಿಂದಲೇ ಗುಣಿಸಿ, ಆಮೇಲೆ 1.56ರಿಂದ ಗುಣಿಸಿ. ಉತ್ತರ ಮೀಟರ್‌ನಲ್ಲಿ ಸಿಗುತ್ತದೆ. 7 ಸೆಕೆಂಡಿನ ಅಲೆ ಸುಮಾರು 76 ಮೀಟರ್ ಉದ್ದ. 14 ಸೆಕೆಂಡಿನದು ಸುಮಾರು 306 ಮೀಟರ್. ಸೆಕೆಂಡ್ ಎರಡು ಪಟ್ಟಾದರೆ ಉದ್ದ ನಾಲ್ಕು ಪಟ್ಟು. ಅಲೆ ತನ್ನ ಉದ್ದದ ಅರ್ಧದಷ್ಟು ಆಳದವರೆಗೂ ನೀರನ್ನು ಅಲುಗಾಡಿಸುತ್ತದೆ. ಅಂದರೆ ಮೊದಲನೆಯದು 38 ಮೀಟರ್ ಆಳದವರೆಗೆ, ಎರಡನೆಯದು 150 ಮೀಟರ್ ದಾಟಿ. ಮೇಲಿಂದ ನೋಡಿದರೆ ಎರಡೂ 1.2 ಮೀಟರ್. ಆದರೆ ಎತ್ತರ ಒಂದೇ ಇದ್ದು ಸೆಕೆಂಡ್ ಎರಡು ಪಟ್ಟಾದರೆ ಅಲೆ ಹೊತ್ತು ತರುವ ಶಕ್ತಿಯೂ ಎರಡು ಪಟ್ಟಾಗುತ್ತದೆ. ಅಷ್ಟೂ ಬಂಡೆಯ ಬುಡಕ್ಕೆ ಬಂದಾಗ ಹೋಗಲು ದಾರಿ ಇರುವುದು ಮೇಲಕ್ಕೆ ಮಾತ್ರ. ನಿಮ್ಮ ಸೊಂಟದವರೆಗೆ ಬಂದಿದ್ದು ಬಹುಶಃ ಆ ನೀರು.

ಇನ್ನು ಆ 1.2 ಮೀಟರ್ ಅನ್ನೋ ಅಂಕಿಯ ವಿಚಾರ. ಅದು ಅತಿ ದೊಡ್ಡ ಅಲೆಯ ಎತ್ತರ ಅಲ್ಲ. ಬರುವ ಅಲೆಗಳಲ್ಲಿ ದೊಡ್ಡವು ಅನ್ನಿಸುವ ಮೂರನೇ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು ಮಾಡಿದ ಸರಾಸರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರ ದೋಣಿಗಳು ದಡಕ್ಕೆ ಹೋಗಬಹುದೇ ಬೇಡವೇ ಎಂದು ಹೇಳಬೇಕಿತ್ತು. ಆಗ ವಾಲ್ಟರ್ ಮಂಕ್ ಎಂಬ ಸಮುದ್ರ ವಿಜ್ಞಾನಿ ರೂಢಿಗೆ ತಂದ ಅಳತೆ ಇದು. ಅನುಭವಿ ನಾವಿಕ ಕಣ್ಣಳತೆಯಲ್ಲಿ ಹೇಳುವ ಎತ್ತರಕ್ಕೆ ಇದು ಹತ್ತಿರ ಬರುತ್ತದೆ, ಹಾಗಾಗಿ ಇವತ್ತಿಗೂ ಉಳಿದುಕೊಂಡಿದೆ. ಸರಾಸರಿ ಅಂದಮೇಲೆ ಅದಕ್ಕಿಂತ ದೊಡ್ಡವು ಇದ್ದೇ ಇರುತ್ತವೆ. ಕೆಲವು ಗಂಟೆ ನಿಂತರೆ ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರದ ಒಂದು ಅಲೆ ಬಂದರೂ ಆಶ್ಚರ್ಯವಿಲ್ಲ. 1.2 ಅಂದರೆ 2 ಮೀಟರ್ ದಾಟುವ ಅಲೆಗೂ ತಯಾರಿರಬೇಕು ಅಂತ ಅರ್ಥ.

ದೊಡ್ಡ ಅಲೆಗಳು ಒಂಟಿಯಾಗಿ ಬರೋದೂ ಕಡಿಮೆ. ಗುಂಪು ಕಟ್ಟಿಕೊಂಡು ಬರುತ್ತವೆ. ನಡುವೆ ಹತ್ತು ಹದಿನೈದು ನಿಮಿಷ ಸಮುದ್ರ ಸಾಧುವಾಗಿ ಕಾಣುತ್ತದೆ. ಸೆಕೆಂಡ್ ಜಾಸ್ತಿ ಇದ್ದಷ್ಟೂ ಈ ಬಿಡುವು ಉದ್ದ, ಮೋಸವೂ ಜಾಸ್ತಿ. ಹಾಗಾಗಿ ತೀರಕ್ಕೆ ಹೋದ ಕೂಡಲೇ ಬಂಡೆ ಇಳಿಯಬೇಡಿ. ಮೇಲೆ ಒಣ ಜಾಗದಲ್ಲಿ ಕನಿಷ್ಠ 20 ನಿಮಿಷ ನಿಂತು ನೋಡಿ. ಗಾಳ ಕಟ್ಟಿಕೊಳ್ಳುವ ಕೆಲಸ ಅಲ್ಲೇ ಮಾಡಿಕೊಳ್ಳಿ, ಸಮಯವೂ ಹಾಳಾಗಲ್ಲ. ನೀವು ನಿಲ್ಲಬೇಕೆಂದುಕೊಂಡ ಬಂಡೆಯ ಬಣ್ಣ ನೋಡಿ. ಕಪ್ಪಗೆ ಒದ್ದೆಯಾಗಿದ್ದರೆ ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿಗೆ ನೀರು ಬಂದಿದೆ ಎಂದೇ ಅರ್ಥ, ನೀವು ನೋಡುವಾಗ ಬರದಿದ್ದರೂ ಸರಿ.

ಆಕಾಶ ತಿಳಿಯಾಗಿದೆ, ಗಾಳಿ ಇಲ್ಲ ಅಂತ ನಂಬಿ ಹೋಗುವವರೂ ಇದ್ದಾರೆ. 1963ರಲ್ಲಿ ಇದೇ ಮಂಕ್ ಮತ್ತು ಸಂಗಡಿಗರು ಅಂಟಾರ್ಕ್ಟಿಕಾದ ಕಡೆಯ ಬಿರುಗಾಳಿಯಿಂದ ಹುಟ್ಟಿದ ಅಲೆಗಳನ್ನು ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಅಳೆಯುತ್ತಾ ಅಲಾಸ್ಕಾದವರೆಗೂ ಬೆನ್ನುಹತ್ತಿದ್ದರು. ಅಷ್ಟು ದೂರ ಬಂದರೂ ಅಲೆ ಸಾಯುವುದಿಲ್ಲ. ನಿಮ್ಮ ಬಂಡೆಗೆ ಹೊಡೆಯುವ ಅಲೆಯ ಗಾಳಿ ಬೇರೆ ಗೋಳಾರ್ಧದಲ್ಲಿ ಬೀಸಿ ಮುಗಿದಿರಬಹುದು. ಹೀಗೆ ದೂರದಿಂದ ಬರುವಾಗ ಸೆಕೆಂಡ್ ಜಾಸ್ತಿ ಇರುವ ಅಲೆಗಳು ಬೇಗ ಓಡುತ್ತವೆ, ಮೊದಲು ಬಂದು ಮುಟ್ಟುತ್ತವೆ. ಆದ್ದರಿಂದ ಆ್ಯಪ್‌ನಲ್ಲಿ ಎತ್ತರ ಬರೀ ಅರ್ಧ ಮೀಟರ್, ಸೆಕೆಂಡ್ ಮಾತ್ರ ಇದ್ದಕ್ಕಿದ್ದಂತೆ 9ರಿಂದ 18ಕ್ಕೆ ಹಾರಿದ್ದು ಕಂಡರೆ ಖುಷಿಪಡಬೇಡಿ. ಹಿಂದೆ ದೊಡ್ಡ ಪಡೆ ಬರುತ್ತಿರಬಹುದು. ಆ ದಿನ ಮತ್ತು ಮರುದಿನ ಬಂಡೆ ಬಿಟ್ಟು ಬೇರೆ ಕಡೆ ಹೋಗೋದು ಒಳ್ಳೇದು.

ನನ್ನ ಲೆಕ್ಕ ಕೇಳಿದರೆ, 7ರಿಂದ 10 ಸೆಕೆಂಡ್ ಇದ್ದು ಎತ್ತರ 1 ಮೀಟರ್ ಆಸುಪಾಸಿನಲ್ಲಿದ್ದರೆ ಮೀನಿಗೆ ಒಳ್ಳೆಯ ನೀರು. 12 ಸೆಕೆಂಡ್ ದಾಟಿದರೆ 1 ಮೀಟರ್‌ಗೂ ಅನುಮಾನ ಪಡುತ್ತೇನೆ. 14 ಸೆಕೆಂಡ್ ಮೇಲೆ, ಎತ್ತರವೂ 1.5 ಮೀಟರ್ ಮೇಲೆ ಇದ್ದರೆ ಬಂಡೆಯ ಹತ್ತಿರವೂ ಸುಳಿಯೋದಿಲ್ಲ. ತೀರ ತೀರಕ್ಕೂ ಇದು ಸ್ವಲ್ಪ ಬದಲಾಗುತ್ತದೆ. ನೀವೇ ನಿಮ್ಮ ಬಂಡೆಗೆ ಇಂಥ ಅಂಕಿ ಮಾಡಿಕೊಳ್ಳಬೇಕು. ಹೋದ ಪ್ರತಿ ಸಲ ಎತ್ತರ, ಸೆಕೆಂಡ್, ಅಲೆ ಬಂದ ದಿಕ್ಕು, ಉಬ್ಬರದ ಹೊತ್ತು ಬರೆದಿಟ್ಟುಕೊಳ್ಳಿ, ಸಾಕು.

ದಿಕ್ಕು ಅಂದೆನಲ್ಲ, ಬಂಡೆ ತೀರದಲ್ಲಿ ಅದಕ್ಕೆ ಬಹಳ ಬೆಲೆ. ಅಲೆ ಕಡಿಮೆ ಆಳಕ್ಕೆ ಬರುತ್ತಿದ್ದಂತೆ ಬಾಗುತ್ತದೆ. ಸಮುದ್ರಕ್ಕೆ ಚಾಚಿಕೊಂಡ ಮೂಲೆಯ ಮೇಲೆ ಎರಡೂ ಕಡೆಯಿಂದ ಶಕ್ತಿ ಬಂದು ಸೇರುತ್ತದೆ, ಒಳಗೆ ಸರಿದ ಕೊಲ್ಲಿಯಲ್ಲಿ ಹರಡಿ ಸಡಿಲವಾಗುತ್ತದೆ. ಒಂದೇ ಬೆಳಗ್ಗೆ, ಒಂದೇ ಅಲೆ, ಮೂಲೆಯಲ್ಲಿ ಅಬ್ಬರ, ಪಕ್ಕದ ಕೊಲ್ಲಿಯಲ್ಲಿ ಮೊಣಕಾಲು ನೀರು. ಸೆಕೆಂಡ್ ಜಾಸ್ತಿ ಇದ್ದಾಗ ಅಲೆ ಇನ್ನೂ ದೂರದಲ್ಲೇ ತಳ ಮುಟ್ಟಿ ಬಾಗಲು ಶುರುಮಾಡುವುದರಿಂದ ಈ ವ್ಯತ್ಯಾಸ ಇನ್ನೂ ಜೋರು. ನೀವು ನಿಲ್ಲುವ ಬಂಡೆ ಮುಂಚಾಚಿದ ಮೂಲೆಯಲ್ಲಿದ್ದರೆ ಎರಡು ವಾರಗಳ ನಡುವಿನ ಕಥೆ ಇಲ್ಲಿಗೇ ಮುಗಿಯಿತು.

ನೇರವಾಗಿ ಆಳಕ್ಕೆ ಇಳಿಯುವ ಗೋಡೆಯಂಥ ಬಂಡೆಯ ಬಗ್ಗೆಯೂ ಒಂದು ಮಾತು. ಅಲೆ ಒಡೆಯುವುದು ನೀರಿನ ಆಳ ಅದರ ಎತ್ತರಕ್ಕೆ ಹತ್ತಿರ ಬಂದಾಗ. 1 ಮೀಟರ್ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ಬಂಡೆಯ ಬುಡದಲ್ಲೇ ಐದಾರು ಮೀಟರ್ ಆಳ ಇದ್ದರೆ ಒಡೆಯೋದೇ ಇಲ್ಲ. ನೊರೆ ಇಲ್ಲ, ಸದ್ದಿಲ್ಲ. ಸುಮ್ನೆ ಉಕ್ಕಿ ಮೇಲೆ ಬರುತ್ತದೆ, ಹೋಗುವಾಗ ಕಾಲು ಎಳೆದುಕೊಂಡು ಹೋಗುತ್ತದೆ. ನೋಡೋಕೆ ಎಲ್ಲಕ್ಕಿಂತ ಶಾಂತವಾದ ಜಾಗ ಅದೇ.

ಈಗ ಮೀನಿನ ವಿಷಯಕ್ಕೆ ಬರೋಣ. ಮೀನು ಹಿಡಿಯೋದು ಶುರುವಾಗುವುದು ನೀರು ಪೂರ್ತಿ ಇಳಿದಾಗ, ಗಾಳ ಕೈಯಲ್ಲಿಲ್ಲದೆ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ, ಅದರ ಮಾರನೇ ದಿನ ಇಳಿತ ಅತಿ ಕೆಳಗೆ ಹೋಗುತ್ತದೆ. ಅಲೆ ಸಣ್ಣದಿರುವ ಅಂಥ ದಿನ ನೋಡಿ ತೀರಕ್ಕೆ ಹೋಗಿ, ಎತ್ತರದಿಂದ ಫೋಟೋ ತೆಗೆದುಕೊಳ್ಳಿ. ಬಂಡೆಗಳ ನಡುವೆ ಮರಳಿನ ಕಾಲುವೆ ಎಲ್ಲಿದೆ, ಯಾವ ಬಂಡೆಯ ಬುಡ ಕೊರೆದು ಗುಂಡಿಯಾಗಿದೆ, ಕಪ್ಪೆಚಿಪ್ಪು ಎಲ್ಲಿ ದಟ್ಟವಾಗಿ ಅಂಟಿಕೊಂಡಿದೆ, ಎಲ್ಲ ಕಾಣುತ್ತದೆ. ಅಲೆ ಆ ಚಿಪ್ಪುಗಳ ಸಂದಿಯಿಂದ ಹುಳು, ಸಣ್ಣ ಸಿಗಡಿ, ಮರಿ ಏಡಿಗಳನ್ನು ಕಿತ್ತು ಕಾಲುವೆಗೆ ಬೀಳಿಸುತ್ತದೆ. ಮೀನು ಅಲ್ಲಿ ಕಾಯುತ್ತಿರುತ್ತದೆ. ನೀರು ತುಂಬಿದ ಮೇಲೆ ಆ ಕಾಲುವೆ ಕಣ್ಣಿಗೆ ಕಾಣಲ್ಲ, ಆದರೆ ನಿಮಗೆ ಗೊತ್ತಿರುತ್ತದೆ.

ನೀರು ತುಂಬಿದಾಗಲೂ ಸುಳಿವು ಇಲ್ಲದಿಲ್ಲ. ಬಿಳಿ ನೊರೆ ಏಳುವಲ್ಲಿ ಆಳ ಕಡಿಮೆ. ಅಲೆ ಒಡೆಯದೆ ದಟ್ಟ ಬಣ್ಣವಾಗಿ ಉಳಿಯುವ ಪಟ್ಟಿ ಆಳದ ಜಾಗ. ಆ ಪಟ್ಟಿಯಲ್ಲಿ ನೊರೆ, ಪಾಚಿ ಎಲ್ಲ ಹೊರಗೆ ಸಮುದ್ರದ ಕಡೆಗೆ ಹೋಗುತ್ತಿದ್ದರೆ ಅದು ಸೆಳೆತ. ಈಜುವವರಿಗೆ ಅದು ಯಮ, ಗಾಳದವರಿಗೆ ಅದರ ಅಂಚು ಹಬ್ಬ. ಎರೆಯನ್ನು ಸೆಳೆತದ ನಡುವೆ ಹಾಕಿದರೆ ನಿಲ್ಲೋದಿಲ್ಲ. ನೊರೆ ಮತ್ತು ದಟ್ಟ ನೀರು ಸೇರುವ ಗೆರೆಯ ಮೇಲೆ ಹಾಕಿ. ತುಂಬಾ ಜನ ಇದ್ದ ಬಲವೆಲ್ಲ ಹಾಕಿ ದೂರಕ್ಕೆ ಎಸೆಯುತ್ತಾರೆ. ಇಪ್ಪತ್ತು ಮೀಟರ್ ಒಳಗೆ, ನೊರೆಯ ಮರೆಯಲ್ಲೇ ಓಡಾಡುವ ಮೀನು ಅವರ ದಾರದ ಕೆಳಗಿಂದಲೇ ಹೋಗುತ್ತಿರುತ್ತದೆ.

ಹೊತ್ತಿನ ವಿಚಾರದಲ್ಲಿ, ನೀರು ಚಲಿಸುತ್ತಿರಬೇಕು. ಇಳಿತದಿಂದ ಉಬ್ಬರಕ್ಕೆ ಹೆಚ್ಚುಕಡಿಮೆ ಆರು ಗಂಟೆಗೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಮೊದಲ ಗಂಟೆಯಲ್ಲಿ ಏರುವುದು ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ ಮಾತ್ರ. ಎರಡನೇ ಗಂಟೆ ಎರಡು ಭಾಗ. ಮೂರು ಮತ್ತು ನಾಲ್ಕನೇ ಗಂಟೆಯಲ್ಲಿ ತಲಾ ಮೂರು ಭಾಗ, ಅಂದರೆ ಅರ್ಧ ಏರಿಕೆ ಈ ಎರಡೇ ಗಂಟೆಯಲ್ಲಿ. ಕಾಲುವೆಗಳು ತುಂಬುವುದು, ಮೀನು ಒಳಗೆ ಬರುವುದು ಹೆಚ್ಚಾಗಿ ಆಗಲೇ. ಬಂಡೆಗೆ ಬಂದ ದಾರಿ ನೀರಿನಡಿ ಹೋಗುವುದೂ ಆಗಲೇ, ಇದನ್ನು ಮರೆಯಬೇಡಿ. ಈ ಹೊತ್ತು ಮುಂಜಾನೆಗೋ ಮುಸ್ಸಂಜೆಗೋ ಕೂಡಿ ಬಂದರೆ ಇನ್ನೂ ಚೆನ್ನ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಾಗಾಗಿ ಇವತ್ತು ಕೂಡದಿದ್ದರೆ ಮುಂದಿನ ವಾರ ಕೂಡಿಬರುತ್ತದೆ.

ಗಾಳಿ ಸಮುದ್ರದಿಂದ ದಡಕ್ಕೆ ಮೆಲ್ಲಗೆ ಬೀಸುತ್ತಿದ್ದರೆ ನೀರು ಸ್ವಲ್ಪ ಕಲಕಿ ಮೀನಿಗೆ ಧೈರ್ಯ ಬರುತ್ತದೆ. ಜೋರಾದರೆ ದಾರ ಬಿಲ್ಲಿನಂತೆ ಬಾಗಿ ಕಚ್ಚಿದ್ದೇ ಗೊತ್ತಾಗಲ್ಲ. ದೊಡ್ಡ ಬಿರುಸಿನ ಮರುದಿನ ಹೋಗಬೇಡಿ, ಕಿತ್ತು ಬಂದ ಪಾಚಿ ಗಾಳಕ್ಕೆ ಸುತ್ತಿಕೊಂಡೇ ದಿನ ಕಳೆಯುತ್ತದೆ. ಗಾಳಿಯ ಒತ್ತಡ ಇಳಿದರೆ ಮೀನು ಕಚ್ಚಲ್ಲ ಅನ್ನೋ ಮಾತು ದಡದ ಮೀನಿಗೆ ಹೊಂದುತ್ತದೆ ಅಂತ ನನಗನ್ನಿಸಲ್ಲ. ಒತ್ತಡಮಾಪಕ 20 ಹೆಕ್ಟೋಪ್ಯಾಸ್ಕಲ್ ಇಳಿದರೆ ಮೀನಿನ ಮೇಲೆ ಅದರ ಪರಿಣಾಮ 20 ಸೆಂಟಿಮೀಟರ್ ನೀರಿನಷ್ಟು. ತಲೆಯ ಮೇಲೆ ಹಾದುಹೋಗುವ ಒಂದೊಂದು ಅಲೆಯೂ ಅದಕ್ಕಿಂತ ಜಾಸ್ತಿ ಏರಿಳಿತ ಕೊಡುತ್ತದೆ. ಒತ್ತಡ ಇಳಿದಾಗ ಬರುವ ಗಾಳಿ, ಕದಡಿದ ನೀರು ಇವೇ ನಿಜವಾದ ಕಾರಣ ಇರಬೇಕು.

ಬಂಡೆಗೆ ಸೀಸದ ಗುಂಡು ಸಿಕ್ಕಿಕೊಳ್ಳುವ ತೊಂದರೆ ನಿಮಗೂ ಇದ್ದೇ ಇರುತ್ತದೆ. ಗುಂಡನ್ನು ಮುಖ್ಯ ದಾರಕ್ಕೆ ನೇರ ಕಟ್ಟಬೇಡಿ. ಮುಖ್ಯ ದಾರ 10 ಕಿಲೋ ತಡೆಯುವಂಥದ್ದಾದರೆ, ಗುಂಡಿಗೆ 4 ಕಿಲೋದ ಒಂದು ತುಂಡು ದಾರ ಕಟ್ಟಿ. ಸಿಕ್ಕಿಕೊಂಡರೆ ಗುಂಡು ಹೋಗುತ್ತದೆ, ಗಾಳ ಮತ್ತು ಮೀನು ಉಳಿಯುತ್ತವೆ.

ಏಡಿಯ ಲೆಕ್ಕ ಹೆಚ್ಚುಕಡಿಮೆ ಉಲ್ಟಾ. ಏಡಿ ಆಹಾರ ಹುಡುಕೋದು ಮುಖ್ಯವಾಗಿ ವಾಸನೆಯಿಂದ. ಕಣ್ಣುಗಳ ನಡುವೆ ಎರಡು ಪುಟ್ಟ ಮೀಸೆ ಇರುತ್ತವೆ, ಅವನ್ನು ಒಂದೇ ಸಮನೆ ಕೊಡವುತ್ತಾ ನೀರಿನ ವಾಸನೆ ಹಿಡಿಯುತ್ತದೆ. ಕಾಲಿನ ತುದಿಗೂ ರುಚಿ ಗೊತ್ತಾಗುತ್ತದೆ. ನೀರು ಜೋರಾಗಿ ಎಳೆಯುವಾಗ ವಾಸನೆ ಚೂರುಚೂರಾಗಿ ಹೋಗುತ್ತದೆ, ಏಡಿಯೂ ಮರಳಿನಲ್ಲಿ ಹೂತುಕೊಂಡೋ ಸಂದಿಯಲ್ಲಿ ಒತ್ತಿಕೊಂಡೋ ಕೂರುತ್ತದೆ. ಉಬ್ಬರ ಮುಗಿದು ಇಳಿತ ಶುರುವಾಗುವ ಮುಂಚೆ ನೀರು ಸುಮ್ಮನೆ ನಿಲ್ಲುತ್ತದಲ್ಲ, ಅದರ ಒಂದು ಗಂಟೆ ಹಿಂದೆ ಮುಂದೆ ಏಡಿಯ ಹೊತ್ತು. ಇಳಿತ ಮುಗಿಯುವಾಗಲೂ ಹೀಗೇ ಒಂದು ಬಿಡುವು ಸಿಗುತ್ತದೆ. ಅಲೆ ಹೊಡೆಯುವ ಕಡೆ ಬೋನು ಇಡಬೇಡಿ, ಉರುಳಾಡುವ ಬೋನಿಗೆ ಏಡಿ ಹತ್ತೋದಿಲ್ಲ. ಬಂಡೆಯ ಮರೆಯಲ್ಲಿ, ಮರಳು ಮತ್ತು ಕಲ್ಲು ಸೇರುವ ಗೆರೆಯಲ್ಲಿ ಇಡಿ. ಎರೆ ತಾಜಾ ಮೀನಿನ ತಲೆಯಾದರೆ ಒಳ್ಳೇದು. ಏಡಿ ಕೊಳೆತದ್ದನ್ನೇ ಇಷ್ಟಪಡುತ್ತದೆ ಅನ್ನೋದು ಸುಮ್ನೆ ಮಾತು. ಹೊಳೆ ಸೇರುವ ಜಾಗವಾದರೆ ಜೋರು ಮಳೆಯ ನಂತರ ಕೆಲವು ದಿನ ಬಿಡಿ, ಸಿಹಿನೀರು ಜಾಸ್ತಿಯಾದಾಗ ಬಹಳಷ್ಟು ಏಡಿಗಳು ಸಮುದ್ರದ ಕಡೆಗೆ ಸರಿಯುತ್ತವೆ.

ಹುಣ್ಣಿಮೆಯ ಮಾತು. ಏಡಿಯೊಳಗಿನ ಮಾಂಸ ಕಡಿಮೆಯಾಗಲು ನೇರ ಕಾರಣ ಪೊರೆ. ಚಿಪ್ಪು ಏಡಿಯ ಜೊತೆ ಬೆಳೆಯೋದಿಲ್ಲ. ಬೆಳೆಯಬೇಕಾದರೆ ಹಳೆಯದನ್ನು ಕಳಚಿ ಹೊರಬರಬೇಕು. ಹೊರಬಂದ ಕೂಡಲೇ ನೀರು ಹೀರಿಕೊಂಡು ಮೈ ಉಬ್ಬಿಸುತ್ತದೆ, ಆ ದೊಡ್ಡ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಒಳಗೆ ಮಾಂಸ ತುಂಬಿಕೊಳ್ಳಲು ವಾರಗಳೇ ಬೇಕು. ಅಲ್ಲಿಯವರೆಗೆ ಏಡಿ ದೊಡ್ಡದಾಗಿ ಕಾಣುತ್ತದೆ, ಒಡೆದರೆ ನೀರು. ಇಂಥ ಏಡಿ ಯಾವ ತಿಥಿಯಲ್ಲಾದರೂ ಬೋನಿಗೆ ಬೀಳಬಹುದು. ಹುಣ್ಣಿಮೆಯಲ್ಲಿ ನಿಜವಾಗಿ ಬದಲಾಗುವುದು ನೀರಿನ ಎಳೆತ. ಉಬ್ಬರವಿಳಿತ ದೊಡ್ಡದು, ನೀರು ನಿಲ್ಲುವ ಬಿಡುವು ಚಿಕ್ಕದು, ಏಡಿ ಓಡಾಡೋದು ಕಡಿಮೆ. ಅಮಾವಾಸ್ಯೆಗೂ ಇದೇ ಆಗುತ್ತದೆ, ಆದರೆ ಯಾಕೋ ಬೈಗುಳ ಹುಣ್ಣಿಮೆಗೆ ಮಾತ್ರ. ಏಡಿಗೆ ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರದ ದಿನಗಳನ್ನು ಆರಿಸಿಕೊಳ್ಳಿ.

ಮಾಂಸ ಇದೆಯೋ ಇಲ್ಲವೋ ಅಂತ ಅಲ್ಲೇ ನೋಡಿಬಿಡಬಹುದು. ಏಡಿಯನ್ನು ಹಿಂಬದಿಯಿಂದ ಹಿಡಿಯಿರಿ, ಹೆಬ್ಬೆರಳು ಕೆಳಗೆ, ಉಳಿದ ಬೆರಳು ಮೇಲೆ. ಇಕ್ಕಳ ಅಲ್ಲಿಗೆ ತಲುಪಲ್ಲ. ನಡೆಯುವ ಕಾಲಿನಲ್ಲಿ ಮೈಗೆ ಹತ್ತಿರವಿರುವ ದಪ್ಪ ಗೆಣ್ಣನ್ನು ಒತ್ತಿ ನೋಡಿ. ಕಲ್ಲಿನಂತಿದ್ದರೆ ತುಂಬಿದೆ. ಒಳಕ್ಕೆ ಬಾಗಿದರೆ ಪೊರೆ ಬಿಟ್ಟು ಹೆಚ್ಚು ದಿನವಾಗಿಲ್ಲ. ಚಿಪ್ಪಿನ ಮೇಲೂ ಕಣ್ಣಾಡಿಸಿ. ಗೀರು, ಕಲೆ, ಅಲ್ಲಲ್ಲಿ ಅಂಟಿದ ಸಣ್ಣ ಚಿಪ್ಪುಜೀವಿಗಳು, ಇಕ್ಕಳದ ಹಲ್ಲು ಸವೆದಿರೋದು ಇದ್ದರೆ ಹಳೆಯ ಚಿಪ್ಪು, ಒಳಗೆ ಮಾಲು ಇದೆ. ಥಳಥಳ ಹೊಳೆಯುವ ಸುಂದರಿಯನ್ನು ವಾಪಸ್ ಬಿಡಿ.

ಹೆಣ್ಣನ್ನೂ ಬಿಡಿ. ಹೊಟ್ಟೆಯಡಿಯ ಮಡಿಕೆ ಅಗಲವಾಗಿದ್ದರೆ ಹೆಣ್ಣು, ಚೂಪಾಗಿ ಸಪೂರವಾಗಿದ್ದರೆ ಗಂಡು. ಎಷ್ಟು ದೊಡ್ಡದನ್ನು ಇಟ್ಟುಕೊಳ್ಳಬಹುದು ಅನ್ನೋ ನಿಯಮ ಪ್ರತಿ ತೀರಕ್ಕೂ ಬೇರೆ. ಅಮೆರಿಕದ ಒರೆಗಾನ್ ತೀರದಲ್ಲಿ ಡಂಜನೆಸ್ ಏಡಿ ಹಿಡಿಯುವ ಹವ್ಯಾಸಿಗಳು ಗಂಡನ್ನು ಮಾತ್ರ, ಅದೂ ಚಿಪ್ಪಿನ ಅಗಲ ಐದೂಮುಕ್ಕಾಲು ಇಂಚು ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು. ನಿಮ್ಮ ಕಡೆಯ ನಿಯಮ ತಿಳಿದುಕೊಂಡು ಅಳತೆಪಟ್ಟಿ ಜೊತೆಗಿಟ್ಟುಕೊಳ್ಳಿ. ಬೋನಿನ ಬಾಗಿಲನ್ನು ಹತ್ತಿ ದಾರದಲ್ಲಿ ಕಟ್ಟೋದು ಇನ್ನೊಂದು ಒಳ್ಳೆಯ ಅಭ್ಯಾಸ. ಬೋನು ಕಳೆದುಹೋದರೆ ದಾರ ಕೊಳೆತು ಬಾಗಿಲು ತೆರೆದುಕೊಳ್ಳುತ್ತದೆ. ನೈಲಾನ್ ಕಟ್ಟಿದರೆ ಅದು ತಳದಲ್ಲಿ ಬಹಳ ಕಾಲ ಏಡಿ ಕೊಲ್ಲುತ್ತಲೇ ಇರುತ್ತದೆ.

ತಿನ್ನುವ ಮುಂಚೆ ಒಂದು ಗಂಭೀರ ವಿಷಯ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಬಂಡೆ, ಹವಳದ ದಿಬ್ಬಗಳಲ್ಲಿ ಕೆಲವು ಜಾತಿಯ ಏಡಿಗಳು ನಿಜವಾಗಿಯೂ ವಿಷ. ಬಣ್ಣಬಣ್ಣದ ಚಿತ್ತಾರದ, ಗಂಟುಗಂಟು ಚಿಪ್ಪಿನ ಜೋಸಿಮಸ್ ಅದರಲ್ಲಿ ಕುಖ್ಯಾತ. ತಿಂದು ಸತ್ತವರಿದ್ದಾರೆ. ಬೇಯಿಸಿದರೆ ಆ ವಿಷ ಹೋಗೋದಿಲ್ಲ. ಹೆಸರು ಗೊತ್ತಿಲ್ಲದ ಏಡಿಯನ್ನು ಪಾತ್ರೆಗೆ ಹಾಕಲೇಬೇಡಿ. ಇನ್ನೊಂದು ವಿಷ ಪಾಚಿಯಿಂದ ಬರುವ ಡೊಮೊಯಿಕ್ ಆಮ್ಲ. ಇದಕ್ಕೂ ಕುದಿಸೋದು ಮದ್ದಲ್ಲ. 2015ರಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ಆ ಪಾಚಿ ಹಬ್ಬಿ ಏಡಿ ಹಿಡಿಯುವ ಕಾಲವನ್ನೇ ಮುಂದೂಡಬೇಕಾಯಿತು. ಏಡಿಯಲ್ಲಿ ಅದು ಜಾಸ್ತಿ ಸೇರುವುದು ಒಳಗಿನ ಹಳದಿ ಭಾಗದಲ್ಲಿ. ಪಾಚಿಯ ಎಚ್ಚರಿಕೆ ಇದ್ದ ದಿನ ಏಡಿ ಹಿಡಿಯೋದೇ ಬೇಡ.

ಎರಡನ್ನೂ ಒಂದೇ ದಿನ ಹೊಂದಿಸಬಹುದಾ ಅಂದಿರಿ. ಖಂಡಿತ. ಇಳಿತ ಮುಗಿಯುವ ಒಂದು ಗಂಟೆ ಮುಂಚೆ ಹೋಗಿ, ಕೊಲ್ಲಿಯ ಮರೆಯಲ್ಲಿ ಬೋನು ಇಡಿ. ನೀರು ಕೆಳಗಿದ್ದಾಗ ಕಾಲುವೆಗಳನ್ನು ನೋಡಿಕೊಂಡು, ಮೇಲೆ ಬಂದು ಅಲೆ ಗಮನಿಸಿ. ನೀರು ಏರತೊಡಗಿದ ಮೇಲೆ, ಹಿಂದಕ್ಕೆ ಒಣ ದಾರಿ ಇರುವ ಬಂಡೆಯಿಂದ ಗಾಳ ಹಾಕಿ. ಉಬ್ಬರ ನಿಲ್ಲುವ ಹೊತ್ತಿಗೆ ಬೋನು ಎತ್ತಿ, ಆದರೆ ಅದರ ಹಗ್ಗ ಎತ್ತರದ ಬಂಡೆಗೆ ಕೈಗೆಟುಕುವಂತೆ ಮೊದಲೇ ಕಟ್ಟಿರಬೇಕು, ನೀರಿಗಿಳಿದು ಹುಡುಕುವಂತಿರಬಾರದು.

ಒಬ್ಬರೇ ಹೋಗಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಬಂಡೆಯಿಂದ ಮೀನು ಹಿಡಿಯುವವರಿಗೆಂದೇ 2016ರಲ್ಲಿ ಕಾಯ್ದೆ ತಂದು, ಗುರುತಿಸಿದ ಅಪಾಯದ ಜಾಗಗಳಲ್ಲಿ ಜಾಕೆಟ್ ಕಡ್ಡಾಯ ಮಾಡಿದ್ದಾರೆ. ಅಕಸ್ಮಾತ್ ನೀರಿಗೆ ಬಿದ್ದರೆ ಅದೇ ಬಂಡೆ ಹತ್ತಲು ಹೋಗಬೇಡಿ, ಮುಂದಿನ ಅಲೆ ಅದಕ್ಕೇ ಅಪ್ಪಳಿಸುತ್ತದೆ. ಬಂಡೆಯಿಂದ ದೂರಕ್ಕೆ ಈಜಿ, ತೇಲಿಕೊಂಡು ಸಹಾಯಕ್ಕೆ ಕಾಯಿರಿ ಅಥವಾ ಮರಳಿನ ದಡ ಹುಡುಕಿ. ಜೊತೆಗಿದ್ದವರು ಹಿಂದೆ ಹಾರಬಾರದು. ಮುಚ್ಚಳ ಬಿಗಿದ ಖಾಲಿ ಕ್ಯಾನ್, ಐಸ್ ಪೆಟ್ಟಿಗೆ, ತೇಲುವಂಥದ್ದು ಏನಿದ್ದರೂ ಎಸೆದು, ತಕ್ಷಣ ಫೋನ್ ಮಾಡಬೇಕು.